ಎರಡನೆಯ ವಿಭೂತಿ

ನಿಂಬೆಹಣ್ಣಿನ ಸಿಪ್ಪೆಯೊಂದು ದೇವದಾಸನ ಎಡಗಾಲಿನ ಬೂಟಿನಡಿ ಸಿಕ್ಕಿಕೊಂಡಿದೆ, ಹಳದಿಯಾಗಿ, ಅವನು ಕಾಲು ಚಾಚಿ ಕೂತಿದ್ದರಿಂದ ಎದ್ದು ಕಾಣುತ್ತಿದೆ, ನೋಡಿದವನು ತಾನೊಬ್ಬನೇ ಎಂದುಕೊಂಡ ತಂಡದ ಕೋಚ್ ಮಧುಕರ, ಇಲ್ಲ, ದೇವದಾಸನೂ ನೋಡಿದ, ಕೀಳಲೆಂದು ಕೈ ಚಾಚಿದ, ಮೊಣಕಾಲು ಮಡಿಯಲಿಲ್ಲ, ಚಾಚಿದ್ದೇ ಮೀನಖಂಡ ತಿಕ್ಕುವುದಕ್ಕೆ ಎನ್ನುವ ಹಾಗೆ ಕೈಯನ್ನು ತಿರುಗಿಸಿಕೊಂಡುಬಿಟ್ಟ — ಅರೆ, ಯಾರಿಗೆ ಈ ನಾಟಕ, ಒಂದು ಸಿಪ್ಪೆ ಕೀಳಲಾರದ ಮೊಣಕಾಲು ಇನ್ನು ಅರ್ಧ ಆಟ ಓಡಬೇಕಂತೆ, ಕಲ್ಯಾಣ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್, ಸೆಂಟರ್ ಫಾರ್ವರ್ಡ್, ಮೊದಲರ್ಧದಲ್ಲಿ ಚೆಂಡು ತಾನಾಗಿ ಕಾಲಿಗೆ ಬಂದಾಗಲೂ ಎಡವಿದವನು. ಇಲ್ಲಿ ಬಿಸಿಲು ಫೆಬ್ರವರಿಯಲ್ಲೇ ನೆತ್ತಿ ಸುಡುತ್ತದೆ, ನಾಸಿಕ್‌ನಲ್ಲಿ ಹೆಂಡತಿ ವಸುಧಾ ಬೆಳಿಗ್ಗೆ ಇನ್ನೂ ಸ್ವೆಟರ್ ಹಾಕಿಕೊಳ್ಳುತ್ತಾಳೆ, ಔರಂಗಾಬಾದಕ್ಕ ಹೊಂಟೀರಿ, ಟೊಪಗಿ ಒಯ್ರಿ ಅಂದಿದ್ದಳು, ಒಯ್ಯಲಿಲ್ಲ — ಹಳಬರ ಬಾಯಲ್ಲಿ ಔರಂಗಾಬಾದ್, ಈಚೆಗೆ ಗೋಡೆಗೋಡೆಯ ಮೇಲೆ ಸಂಭಾಜಿನಗರ, ಬಸ್ಸಿನ ಕಂಡಕ್ಟರ್ ಜಗಳ ಬೇಡವೆಂದು ಎರಡನ್ನೂ ಕೂಗುತ್ತಾನೆ, ಊರಿಗೂ ಎರಡು ಹೆಸರು, ತನಗೂ ಎರಡು, ಮೊದಲು ಮಧುಕರಣ್ಣ, ಈಗ ಬೆನ್ನ ಹಿಂದೆ ಏನೇನೋ. ಒಂದು ಗೋಲು ಹಿಂದೆ ಇದ್ದೇವೆ, ಸರಿಸಮ ಮಾಡಿಕೊಂಡರೂ ಸಾಕು, ಸೋತರೆ ಎ ಡಿವಿಜನ್ನಿನಿಂದ ಕೆಳಗೆ, ಕಮಿಟಿಯವರು ಹೋದ ವಾರವೇ ಹೇಳಿಬಿಟ್ಟರು, ಬಿ ಡಿವಿಜನ್ನಿನ್ಯಾಗ ಆಡೂ ಕಲ್ಯಾಣ ನಮಗ ಬ್ಯಾಡ್ರಿ ಮಧುಕರರಾವ್, ಮಾಸ್ತರರ ಹೆಸರು ಮಣ್ಣಪಾಲು ಮಾಡೂಕಿಂತ ಬಾಗಲಾ ಹಾಕೂದು ಛಲೋ.

ಮಾಸ್ತರರ ಹೆಸರು, ಹೌದು, ಎಲ್ಲ ಮಾತೂ ಅಲ್ಲಿಗೇ ಬಂದು ನಿಲ್ಲುತ್ತದೆ, ಗುರುಲಿಂಗಪ್ಪ ಮಾಸ್ತರರು, ಶಾಲೆಯ ಮೆಟ್ಟಿಲು ಹತ್ತಿ ಒಂದು ದಿನ ಪಾಠ ಹೇಳಿದವರಲ್ಲ, ನಾಸಿಕ್ ರೋಡಿನ ಕಾರ್ಖಾನೆಯಲ್ಲಿ ಫೋರ್‌ಮನ್, ಬೀದರ ಕಡೆಯಿಂದ ಕೆಲಸಕ್ಕೆ ಬಂದು ಸಂಜೆ ಚಹಾದಂಗಡಿಯಲ್ಲಿ ಹಾಳಾಗುತ್ತಿದ್ದ ಹುಡುಗರನ್ನು ಎಳೆದು ತಂದು ಕ್ಲಬ್ಬು ಕಟ್ಟಿದವರು, ಬಸವಕಲ್ಯಾಣದ ನೆನಪಿಗೆ ಕಲ್ಯಾಣ ಎಂದು ಹೆಸರಿಟ್ಟರೆ ಮರಾಠಿ ಮಂದಿ ಮುಂಬೈ ಪಕ್ಕದ ಕಲ್ಯಾಣವೆಂದು ತಿಳಿದು ಲೋಕಲ್ ಗಾಡಿ ತಪ್ಪಿತೇನ್ರೋ ಎಂದು ರೇಗಿಸುತ್ತಿದ್ದರು, ಆಮೇಲೆ ಮೂರು ಗೋಲು ತಿಂದು ಸುಮ್ಮನಾಗುತ್ತಿದ್ದರು. ಯಾರು ಆಡಬೇಕು ಯಾರು ಕೂಡ್ರಬೇಕು ಎಂದು ಮಾಸ್ತರರು ಬಾಯಿಬಿಟ್ಟು ಹೇಳಿದ್ದಿಲ್ಲ, ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಿಲ್ಲಬೇಕು, ಅವರು ವಿಭೂತಿ ಗಟ್ಟಿಯ ಮೇಲೆ ಹೆಬ್ಬೆರಳು ಉಜ್ಜಿಕೊಂಡು ಬರುತ್ತಾರೆ, ಯಾರ ಹಣೆ ಮುಟ್ಟಿದರೋ ಅವರು ಆಡುವವರು, ರಫೀಕನಿಗೆ ಹಣೆಯ ಬದಲು ಭುಜ, ಅವನ ಅಂಗಿಯ ಮೇಲೆ ಬೆಳ್ಳಗೆ ಒಂದು ಬೆರಳ ಗುರುತು, ರಫೀಕ ಅದನ್ನು ಕೊಡವಿಕೊಂಡಿದ್ದನ್ನು ಯಾರೂ ಕಂಡಿಲ್ಲ. ಮಧ್ಯಂತರದಲ್ಲಿ ಎರಡನೆಯ ವಿಭೂತಿ, ಅದು ಹೆದರಿಕೆಯದ್ದು, ಮೊದಲನೆಯದು ಸಿಕ್ಕಿ ಎರಡನೆಯದು ಸಿಗದವನು ಪಕ್ಕಕ್ಕೆ ಕೂತು ಬೂಟು ಬಿಚ್ಚಬೇಕು, ಯಾಕೆ ಏನು ಎಂದು ಕೇಳುವ ಹಾಗಿಲ್ಲ, ಬೆವರಿದ ಹಣೆಗೆ ಹಚ್ಚಿದರ ಕೆಸರಾಗ್ತದ, ಒರಸ್ಕೋರಿ ಅನ್ನುತ್ತಿದ್ದರು, ಹುಡುಗರು ಅಂಗಿಯ ಅಂಚಿನಿಂದ ಹಣೆ ಒರೆಸಿ, ಬೂದಿ ಕಣ್ಣಿಗೆ ಬೀಳದಿರಲೆಂದು ಕಣ್ಣು ಮುಚ್ಚಿ, ತಲೆ ಬಾಗಿಸಿ ನಿಲ್ಲುತ್ತಿದ್ದರು, ತಾನೂ ನಿಂತಿದ್ದೇನೆ, ಲೆಫ್ಟ್ ಬ್ಯಾಕ್, ಆ ಕಣ್ಣು ಮುಚ್ಚಿದ ಕ್ಷಣದಲ್ಲಿ ಎದೆ ಹೊಡೆದುಕೊಳ್ಳುವ ಸದ್ದು ತನಗೇ ಕೇಳುತ್ತಿತ್ತು, ಅಷ್ಟರಲ್ಲಿ ತಣ್ಣಗೆ ಒರಟಾಗಿ ಬೆರಳು ತಾಗಿತೋ — ಹಾ, ಬದುಕಿದೆ. ಬ್ಯಾಂಕಿನಲ್ಲಿ ಪ್ರಮೋಷನ್ ಸಿಕ್ಕಾಗಲೂ ಅಷ್ಟು ಸುಖವಾಗಲಿಲ್ಲ.

ಎಂಬತ್ತೊಂಬತ್ತರಲ್ಲಿ ಕಪ್ಪು ಗೆದ್ದ ದಿನವೇ ಮಾಸ್ತರರು ಸಾಕು ಎಂದರು, ಹಲಗೆ ಬಾರಿಸಿಕೊಂಡು ಮೆರವಣಿಗೆ, ತೆರೆದ ಜೀಪು, ಅವರ ಕೊರಳಲ್ಲಿ ಹೂಮಾಲೆ ಕಿವಿಯ ಮಟ್ಟಕ್ಕೆ, ಜೀಪಿನಿಂದಲೇ ಬಗ್ಗಿ ವಿಭೂತಿಯ ಡಬ್ಬಿಯನ್ನು ಮಧುಕರನ ಕೈಗೆ ಹಾಕಿದರು, ಇನ್ನ ನೀ ನೋಡ್ಕೋ, ಅಷ್ಟೇ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಹೆಮ್ಮೆಗೆ. ಆದರೆ ಮೊದಲ ಆಟದ ದಿನ ಎಲ್ಲರೂ ಸಾಲಾಗಿ ನಿಂತು ಕಣ್ಣು ಮುಚ್ಚಿದರೆ ಇವನ ಬೆರಳು ಡಬ್ಬಿಗೆ ಹೋಗಲೊಲ್ಲದು, ಧಾರವಾಡದ ವೈಷ್ಣವರ ಮನೆಯವನು, ಅಂಗಾರ ಅಕ್ಷತೆಯ ಹಣೆ, ಮಾಸ್ತರರು ಹಚ್ಚಿದಾಗ ಹಚ್ಚಿಸಿಕೊಂಡಿದ್ದು ಬೇರೆ, ಮನೆಗೆ ಹೋಗುವ ಮುಂಚೆ ನಳದ ಕೆಳಗೆ ಮುಖ ತೊಳೆದುಕೊಳ್ಳುತ್ತಿದ್ದ, ಅವ್ವ ಅಂಬುಜಾಬಾಯಿ ಧಾರವಾಡದಿಂದ ಬಂದಿದ್ದರೆ ಎರಡು ಸಲ ತೊಳೆದುಕೊಳ್ಳುತ್ತಿದ್ದ, ಈಗ ತಾನೇ ಕೊಡುವುದೆಂದರೆ, ತನಗೇನು ಅಧಿಕಾರ, ತಾನು ಲಿಂಗ ಕಟ್ಟಿದವನಲ್ಲ, ತಾನು ಹಚ್ಚಿದ ವಿಭೂತಿ ವಿಭೂತಿಯೇ ಆಗುತ್ತದೆಯೆ, ಅಪಚಾರವಾದರೆ — ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟು, ಮಾಸ್ತರರ ಹೆಸರಲೆ ನೀವ ಹಚ್ಕೋರಿ ಅಂದ, ವಿನಯವೆಂದು ಎಲ್ಲರೂ ಮೆಚ್ಚಿಕೊಂಡರು, ತಾನೂ ತನ್ನನ್ನು ಮೆಚ್ಚಿಕೊಂಡ. ದೊಡ್ಡ ತಪ್ಪು ಆದದ್ದೇ ಅಲ್ಲಿ. ಅವರವರೇ ಹಚ್ಚಿಕೊಳ್ಳತೊಡಗಿದ ಮೇಲೆ ಹಚ್ಚಿಕೊಳ್ಳದವರು ಯಾರು, ಮಾಸ್ತರರು ಕಡೆಯ ಸಲ ಮುಟ್ಟಿದ ಹನ್ನೊಂದು ಮಂದಿಯೇ ಪ್ರತಿ ಸಲ ಮುಂದೆ ಬಂದರು, ಅದು ಮಾಸ್ತರರು ಆರಿಸಿದ ತಂಡ, ತೆಗೆಯಲಿಕ್ಕೆ ನೀವ್ಯಾರ್ರಿ ಎಂದು ಯಾರೂ ಕೇಳಲಿಲ್ಲ, ಕೇಳುವ ಮೊದಲೇ ಇವನು ಸುಮ್ಮನಿದ್ದ, ಎರಡನೆಯ ವಿಭೂತಿಯಂತೂ ನಿಂತೇಹೋಯಿತು, ಗೋಲ್‌ಕೀಪರ್ ಮನ್ಮಥಪ್ಪ ಪೇಪರ್ ಓದಲಿಕ್ಕೆ ಚಷ್ಮಾ ಹಾಕತೊಡಗಿದ, ಕಾಲಲ್ಲಿ ಕಸುವಿದ್ದ ಹೊಸ ಹುಡುಗರು ಬೆಂಚಿನ ಮೇಲೆ ಕೂತು ಕೂತು ಬೇರೆ ಕ್ಲಬ್ಬು ಹಿಡಿದರು, ಹೋದವರು ನಮ್ಮ ಮೇಲೆಯೇ ಗೋಲು ಹೊಡೆದರು. ಬೈಗುಳ ಮಾತ್ರ ಪೂರ್ತಿ ಇವನ ಪಾಲಿಗೆ, ಮಾಸ್ತರರ ಕೈಯ್ಯಾಗ ಬಂಗಾರ ಇತ್ತು, ಈ ಬ್ಯಾಂಕಿನಾವ ಬೂದಿ ಮಾಡಿದ, ನಾಸಿಕ್ ರೋಡಿನ ಕಿರಾಣಿ ಅಂಗಡಿಯಲ್ಲಿ ವಸುಧಾಳ ಎದುರಿಗೇ ಅಂದರು, ಅವಳು ಸಕ್ಕರೆ ಅಲ್ಲೇ ಬಿಟ್ಟು ಬಂದಳು, ಬ್ಯಾಂಕಿನಾವರು ಹುಬ್ಬಳ್ಳಿಗೆ ಬದಲಿ ಕೊಡ್ತೀವಿ ಅಂದ್ರ ಬ್ಯಾಡಂದ್ರಿ, ಎದಕ್ಕ, ಈ ಮಂದಿ ಕಡೆಯಿಂದ ಅನಿಸ್ಕೊಳ್ಳಾಕ?

ಸುಲಭವಲ್ಲ, ವಸುಧಾಳಿಗೆ ಗೊತ್ತಿಲ್ಲ, ಯಾರನ್ನು ತೆಗೆಯಲಿ, ದೇವದಾಸನನ್ನೆ? ನಾಸಿಕ್‌ಗೆ ತಾನು ಬದಲಿಯಾಗಿ ಬಂದ ವರ್ಷ, ಮದುವೆಯಾಗಿರಲಿಲ್ಲ, ಕಾಮಾಲೆಯಾಗಿ ಬಾಡಿಗೆ ಖೋಲಿಯಲ್ಲಿ ಬಿದ್ದುಕೊಂಡಾಗ ತನ್ನ ಮನೆಗೆ ಎತ್ತಿಕೊಂಡು ಹೋದವನು ಅವನೇ, ಅಕ್ಷರಶಃ ಎತ್ತಿಕೊಂಡು, ಹೆಗಲ ಮೇಲೆ, ಅವನ ಅವ್ವ ಲಕ್ಷ್ಮವ್ವ ಒಂದು ತಿಂಗಳು ಗಂಜಿ ಮಾಡಿ ಹಾಕಿದಳು, ಉಪ್ಪಿಲ್ಲದ ಗಂಜಿ, ಬಾಯಿಗೆ ರುಚಿಯಿಲ್ಲವೆಂದು ಮುಖ ತಿರುಗಿಸಿದರೆ ಉಣ್ಣೋ ಮಧೂ ನನ್ನಪ್ಪ ಎಂದು ಗದ್ದ ಹಿಡಿದು ಉಣಿಸಿದಳು, ಆಗ ದೇವದಾಸ ಗಾಳಿಯಲ್ಲಿ ಓಡುತ್ತಿದ್ದ, ಡಿಫೆಂಡರುಗಳು ತಿರುಗಿ ನೋಡುವಷ್ಟರಲ್ಲಿ ಚೆಂಡು ಬಲೆಯೊಳಗೆ. ಕಾರ್ಖಾನೆಯಲ್ಲಿ ಅವನು ಬರೀ ಹೆಲ್ಪರ್, ಸೂಪರ್‌ವೈಸರು ಏ ಕಾನಡಿ ಎಂದು ಕೂಗುತ್ತಾನೆ, ಆದಿತ್ಯವಾರ ಮಾತ್ರ ಕ್ಯಾಪ್ಟನ್, ಆ ಒಂದು ದಿನಕ್ಕಾಗಿ ಉಳಿದ ದಿನಗಳನ್ನು ಹಲ್ಲುಕಚ್ಚಿ ಕಳೆಯುತ್ತಾನೆ, ನಿನ್ನೆ ಬಸ್ಸಿನಲ್ಲಿ ಯೇವಲೆ ದಾಟುತ್ತಿರುವಾಗ ಎಲ್ಲರೂ ನಿದ್ದೆ ಹೊಡೆಯುತ್ತಿದ್ದರೆ ಸದ್ದಿಲ್ಲದೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ, ಕಂಡದ್ದು ಗೊತ್ತಾಗಿ ನಕ್ಕ, ಏನಿಲ್ಲೋ ಮಧ್ಯಾ, ಥಂಡಿಗೆ ಹಿಡದದ, ಇನ್ನೊಂದು ವರ್ಷ ನಡೀತದ ಬಿಡು. ಇನ್ನೊಂದು ವರ್ಷ, ಐದು ವರ್ಷದಿಂದಲೂ ಇನ್ನೊಂದು ವರ್ಷ, ಮಧುಕರ ಕಿಟಕಿಯ ಕಡೆ ಮುಖ ಮಾಡಿ ಕಬ್ಬಿನ ಗಾಡಿಗಳನ್ನು ನೋಡುತ್ತ ಕೂತ.

ಇವತ್ತು ಬೆಳಿಗ್ಗೆ ಕಡೆಯ ಉಪಾಯವೆಂದು ಮಾಸ್ತರರ ಬಳಿಗೇ ಓಡಿದ್ದು, ಈಗ ಅವರಿರುವ ಮಗಳು ಪಾರ್ವತಿಬಾಯಿಯ ಮನೆ ಇದೇ ಊರಿನ ಸಿಡ್ಕೋ ಬಡಾವಣೆಯಲ್ಲಿ, ರಿಕ್ಷಾ ಇಳಿದಾಗ ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹಸಿ ಕಡಲೆಯ ಸುಲಗಾಯಿ ಬಿಡಿಸುತ್ತಿದ್ದರು, ಉಗುರ ತುದಿಯೆಲ್ಲ ಹಸಿರು, ಇವನು ಕಾಲಿಗೆ ಬಿದ್ದ, ಮಾಸ್ತರ್ರ, ಇವತ್ತೊಂದು ದಿನ ಬರ್ರಿ, ಬರೇ ಬಂದು ಕುಂಡ್ರಿ ಸಾಕು, ಹುಡುಗರು ಗೆಲ್ತಾರ. ಯಾವ ಹುಡುಗರೋ, ದೇವದಾಸ ಮಗಳಿಗೆ ವರಾ ನೋಡ್ಲಿಕತ್ತಾನಂತ, ಅಂವ ಹುಡುಗ ಏನು? ಪಾರ್ವತಿಬಾಯಿ ಚಹಾ ತಂದಿಟ್ಟು ಒಳಗೆ ಹೋದಳು, ಅವಳು ಹೋಗುವುದನ್ನೇ ಕಾಯುತ್ತಿದ್ದವರ ಹಾಗೆ ಮಾಸ್ತರರು ದನಿ ಇಳಿಸಿದರು, ಅವನ ಮಣಕಾಲ ನಾ ಬಿಡೂಕಿಂತ ಮೊದಲ ಹೋಗಿತ್ತು, ಮನ್ಮಥನ ಕಣ್ಣೂ ಅಷ್ಟ, ನನಗ ಗೊತ್ತಿತ್ತು, ಆ ಕಪ್ ಗೆದ್ದದ್ದು ನಶೀಬಾ ಮಧುಕರ, ಇನ್ನೊಂದು ವರ್ಷ ಇದ್ದಿದ್ರ ಒಬ್ಬೊಬ್ಬರನ್ನ ನಾನ ತೆಗೀಬೇಕಾಗ್ತಿತ್ತು, ಮಕ್ಕಳಂಗ ಬೆಳಸಿದವರು, ಕೈ ಏಳಲಿಲ್ಲ, ಅದಕ್ಕ ಬಿಟ್ಟೆ. ಮಧುಕರ ಚಹಾದ ಕಪ್ಪು ಕೆಳಗಿಟ್ಟ. ಮತ್ತ ನನಗ್ಯಾಕ ಕೊಟ್ರಿ? ನೀ ನಮ್ಮಾವಲ್ಲ ನೋಡು, ತಪ್ಪ ತಿಳೀಬ್ಯಾಡ, ಬ್ಯಾಂಕಿನಾವ, ಇವತ್ತಿಲ್ಲ ನಾಳೆ ಬದಲಿ ಆಗಿ ಹೋಗಾವ, ಬೈದ್ರೂ ಬೈಗುಳ ನಿನ್ನ ಬೆನ್ನ ಹತ್ತಿ ಧಾರವಾಡತನಾ ಬರೂದಿಲ್ಲ, ನಾ ಇವರ ಮದುವಿಗೆ ತೊಟ್ಟಲಕ್ಕ ಹೋಗಬೇಕಾದಾವ, ನೀ ಎಲ್ಲಾರನೂ ತೆಗದು ಹೊಸಾ ಟೀಮ್ ಕಟ್ತಿ ಅಂತ ತಿಳಿದಿದ್ದೆ, ನೀ ನೋಡಿದ್ರ ನನಗಿಂತಾ ಪುಕ್ಕಲ. ಹೇಳಬೇಕಿತ್ತಲ್ರೀ ಮಾಸ್ತರ್ರ, ಒಂದು ಮಾತು! ಹೇಳಿದ್ರ ಅದು ನಾನ ತೆಗದಂಗ ಆಗ್ತಿತ್ತಲ್ಲೋ. ಒಂದು ಸುಲಗಾಯಿ ಬಿಡಿಸಿ ಇವನ ಅಂಗೈಗೆ ಹಾಕಿದರು, ಮಗುವಿಗೆ ಕೊಟ್ಟಂತೆ, ನಾ ಬರೂದಿಲ್ಲ, ಬಂದ್ರ ಎಲ್ಲಾರೂ ನನ್ನ ಮುಖಾ ನೋಡ್ತಾರ. ಹೂಮಾಲೆ ಅವರಿಗೆ, ಕಸಾಯಿಯ ಕೆಲಸ ನನಗೆ, ಐದು ವರ್ಷ ದೇವರೆಂದು ಕೈಮುಗಿದೆನಲ್ಲ, ರಿಕ್ಷಾದಲ್ಲಿ ಮೈಯೆಲ್ಲ ಉರಿಯಿತು ಸಿಟ್ಟಿಗೆ, ಅಳುವೂ ಬಂತು, ಮುದುಕ ಹೇಳಿದ್ದರಲ್ಲಿ ಒಂದಾದರೂ ಸುಳ್ಳಿದ್ದರೆ ಚೆನ್ನಾಗಿರುತ್ತಿತ್ತು.

ರೆಫರಿ ಗಡಿಯಾರ ನೋಡುತ್ತಿದ್ದಾನೆ, ಈಗ ಇಲ್ಲದಿದ್ದರೆ ಇನ್ನಿಲ್ಲ, ಬೆಂಚಿನ ತುದಿಯಲ್ಲಿ ಸದಾನಂದ, ವೆಲ್ಡಿಂಗ್ ಕೆಲಸದವನು, ಹೋದ ವರ್ಷ ಸೇರಿದವನು, ಕೂತಲ್ಲೇ ಕಾಲು ಕುಣಿಸುತ್ತಿದ್ದಾನೆ, ಆ ಕಾಲಿಗೆ ಓಟ ಬೇಕು, ಮಧುಕರ ಎದ್ದ, ಡಬ್ಬಿ ತೆಗೆದ, ಮುಚ್ಚಳ ಬಿಗಿಯಾಗಿದೆ, ಗಟ್ಟಿ ಸವೆದು ಚೂರಾಗಿದೆ, ಹೆಬ್ಬೆರಳು ಉಜ್ಜಿದ — ಏನೂ ಆಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ, ಬರೀ ಬೆಳ್ಳಗಾಯಿತು — ಸಾಲಾಗಿ ನಿಲ್ರಿ, ಅಂದ, ತನ್ನ ದನಿ ತನಗೇ ಹೊಸದು. ಒಬ್ಬರ ಮುಖ ಒಬ್ಬರು ನೋಡಿದರು, ಎಷ್ಟೋ ವರ್ಷದ ಮೇಲೆ, ಯಾರೋ ಮಾಸ್ತರ್ ಹೇಳಿ ಕಳಿಸ್ಯಾರೇನೋ ಅಂದರು, ಅನ್ನಲಿ ಬಿಡು, ಹೌದು ಅಂದುಬಿಟ್ಟರೆ ಎಷ್ಟು ಸಲೀಸು, ನಾನಲ್ಲ ಅವರೇ ತೆಗೆದದ್ದು ಅನ್ನಬಹುದು, ನಾಲಿಗೆಯ ತುದಿಗೆ ಬಂತು — ಇಲ್ಲ, ನಾನ ಹಚ್ಚಾವ, ಅಂದ. ಅಂಗಿಗಳು ಮೇಲೆ ಹೋದವು, ಹಣೆಗಳನ್ನು ಒರೆಸಿದವು, ಕಣ್ಣುಗಳು ಮುಚ್ಚಿದವು, ಮನ್ಮಥಪ್ಪ, ಇರಲಿ, ಅವನನ್ನು ಮುಂದಿನ ಸಲ, ಜಯರಾಮ, ರಫೀಕನ ಭುಜ, ಒದ್ದೆ ಅಂಗಿಗೆ ಬೂದಿ ಅಂಟಿತು, ಮುಂದೆ, ಮುಂದೆ, ಕ್ಯಾಪ್ಟನ್ ಯಾವಾಗಲೂ ಸಾಲಿನ ಕೊನೆಗೆ, ದೇವದಾಸ ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ನಿಂತಿದ್ದಾನೆ, ಮಂಕಾದ ನೀಲಿ ಅಂಗಿ ಎತ್ತಿ ಹಣೆ ಒರೆಸಿದ, ಸಾಲದೆಂದು ಇನ್ನೊಮ್ಮೆ ಒರೆಸಿದ, ಕೂದಲು ಹಿಂದಕ್ಕೆ ತಳ್ಳಿದ, ಬಗ್ಗಿದ, ಹಣೆಯ ಮೇಲೆ ಎರಡು ಗೆರೆ, ಒಂದು ಹಳೆಯ ಕಲೆ, ತನ್ನ ಎದುರಿಗೇ, ಇಷ್ಟು ಹತ್ತಿರ, ಉಣ್ಣೋ ಮಧೂ ನನ್ನಪ್ಪ — ಬೆರಳು ಎದ್ದಿತು, ಎದ್ದದ್ದನ್ನು ಇಳಿಸಿ ದಾಟಿದ, ದಾಟಿಯೇಬಿಟ್ಟ, ಬೆಂಚಿನ ತುದಿಗೆ ಹೋಗಿ ಸದಾನಂದನ ಹಣೆಗೆ ಒತ್ತಿದ, ಜೋರಾಗಿಯೇ ಒತ್ತಿದ, ಹೋಗು, ಸೆಂಟರ್‌ನ್ಯಾಗ ನೀನು, ಸೀಟಿ ಆಯಿತು, ಕಣ್ಣು ತೆರೆದವರು ಓಡಿದರು, ಸದಾನಂದ ಎಲ್ಲರನ್ನೂ ದಾಟಿ ಓಡಿದ, ರಫೀಕ ಮಾತ್ರ ಒಮ್ಮೆ ತಿರುಗಿ ನೋಡಿದ, ಧೂಳೆದ್ದಿತು, ಚೆಂಡು ನಡುವಿಗೆ ಬಂತು, ಆಟ ನೋಡಬೇಕು, ಇನ್ನು ಇವನು ಆಟ ನೋಡಬೇಕು, ಆದರೆ ದೇವದಾಸ ಇನ್ನೂ ಅಲ್ಲೇ ನಿಂತಿದ್ದಾನೆ, ಸಾಲೇ ಇಲ್ಲದ ಜಾಗದಲ್ಲಿ ಸಾಲಿನ ಕಡೆಯವನಾಗಿ, ಕಣ್ಣು ಮುಚ್ಚಿಕೊಂಡು, ಸೀಟಿ ಕೇಳಿಸಿಲ್ಲವೆ, ಕೇಳಿಸಿದೆ, ಆದರೂ ಕಣ್ಣು ತೆರೆಯಲೊಲ್ಲ, ತಲೆ ಬಾಗಿಸಿಯೇ ಇದ್ದಾನೆ, ಬರುತ್ತದೆ ಎಂದು, ಬೆರಳು ಬಂದೇ ಬರುತ್ತದೆ ಎಂದು, ಆ ಹಣೆ, ಎರಡು ಸಲ ಒರೆಸಿದ ಆ ಹಣೆ, ಒರೆಸಿದ ಹಣೆ