ಬಳಕೆಯಲ್ಲಿಲ್ಲ: ಹೌದು

“ಕೈ ತೆಗಿಯೇ, ಸುಟ್ಕೋತೀಯ!” ಎಂದು ಮಾವ ಕೂಗುವಷ್ಟರಲ್ಲಿ ಅವನ ಅಕ್ಕನ ಮಗಳು ಕಾವುಪೆಟ್ಟಿಗೆಯೊಳಗೆ ಮೊಣಕೈತನಕ ತೋಳು ತೂರಿಸಿ ಒಂದು ಮೊಟ್ಟೆ ಹೊರತೆಗೆದಿದ್ದಳು. ಇರಬೇಕಾದ್ದಕ್ಕಿಂತ ಹೆಚ್ಚು ಬಿಸಿ. ಗೋಡೆಯ ಪರದೆ ಮಾತ್ರ ಏನೂ ಆಗಿಲ್ಲವೆಂಬಂತೆ ಮೂವತ್ತೇಳು ಡಿಗ್ರಿ ಎನ್ನುತ್ತಿತ್ತು.

ಮರಿ ಮಾಡಿಸುವ ಆ ಕೋಣೆಯ ಹೀಟರು, ಫ್ಯಾನು, ಉಷ್ಣಮಾಪಕಗಳನ್ನೆಲ್ಲ ಒಂದೇ ಜಾಲಕ್ಕೆ ಸೇರಿಸಿದ್ದು ಮಾವ, ಅಕ್ಕನ ಮಗಳು ಇಬ್ಬರೇ. ಅವಳು ಖಾಲಿ ಟ್ರೇ ಬೋರಲು ಹಾಕಿ ಕೂತು ಲ್ಯಾಪ್‌ಟಾಪ್ ತೆರೆದಳು. ಜಾಲದಲ್ಲಿ ಉಷ್ಣಮಾಪಕದ ಆಬ್ಜೆಕ್ಟ್, ಅಂದರೆ ಅದರ ವಿವರಗಳ ಪಟ್ಟಿ, ಸಿಕ್ಕಿತು. ಹೆಸರು ಸರಿ, ಅಳತೆ ಸರಿ. ಕೆಳಗೆ ಮಾವ ಕನ್ನಡಕ್ಕೆ ತಂದು ಬೀಗಿದ್ದ ಒಂದು ಸೆಟ್ಟಿಂಗ್: ‘ಬಳಕೆಯಲ್ಲಿಲ್ಲ’. ಅದರ ಎದುರು ‘ಹೌದು’.

ಅಂದರೆ ಮಾಪಕ ಅಳೆದದ್ದನ್ನು ಜಾಲ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಹಳೆಯ ಮೂವತ್ತೇಳಕ್ಕೇ ಅಂಟಿಕೊಂಡಿತ್ತು. ಬೇಕಾದದ್ದು ಮೂವತ್ತೇಳೂವರೆ, ಆ ಅರ್ಧ ಡಿಗ್ರಿಗಾಗಿ ಹೀಟರು ಉರಿಯುತ್ತಲೇ ಇತ್ತು.

ಅವಳು ‘ಇಲ್ಲ’ ಮಾಡಿದಳು. ಸಂಖ್ಯೆ ಒಮ್ಮೆಲೇ ನಲವತ್ತೊಂದಕ್ಕೆ ಹಾರಿತು. ಹೀಟರು ಆರಿತು.

“ಇದನ್ನ ಮುಟ್ಟಿದ್ದು ಯಾರು?” ಮಾವ ಗುಡುಗಿದ.

“ನಾನೇ ಸಾರ್,” ಎಂದಳು ಕೋಣೆ ನೋಡಿಕೊಳ್ಳುವ ಹೆಂಗಸು. ಎಲ್ಲರೂ ಅವಳನ್ನು ಮೊಟ್ಟೆಯಕ್ಕ ಎನ್ನುತ್ತಿದ್ದರು. “ಬಳಕೆಯಲ್ಲಿಲ್ಲ ಅಂತ ಬರೆದು, ಪಕ್ಕದಲ್ಲಿ ಮತ್ತೊಂದು ‘ಇಲ್ಲ’ ಇತ್ತು. ಎರಡೆರಡು ಸಲ ಇಲ್ಲ ಅಂದ್ರೆ ಎದೆ ಧಸಕ್ ಅನ್ನಲ್ವಾ?”

“ಫೋನ್ ಮಾಡೋಕೆ ಏನಾಗಿತ್ತು?”

“ಮಾಡಿದ್ನಲ್ಲ! ಇಲ್ಲ ಅಂತಿದೆ, ಹೌದು ಮಾಡ್ಲಾ ಅಂದೆ. ‘ಹೌದೌದು’ ಅಂತ ಇಟ್ಟುಬಿಟ್ರಿ. ಬಾಯಲ್ಲಿ ಏನೋ ಅಗೀತಿದ್ರಿ.”

ಅಕ್ಕನ ಮಗಳಿಗೆ ನಗು ಒತ್ತರಿಸಿ ಬಂತು. ಆಗಲೇ ಹೊರತೆಗೆದಿದ್ದ ಮೊಟ್ಟೆಯನ್ನು ದೀಪಕ್ಕೆ ಹಿಡಿದಳು. ಮರಿಯಾಗಬೇಕಿದ್ದ ಒಳಗಿನ ಕಪ್ಪು ಚುಕ್ಕೆ ಮಿಸುಕಲಿಲ್ಲ. ನಗು ಅಲ್ಲೇ ಸತ್ತಿತು.

ಮಾವ ಅವಳನ್ನು ಓಣಿಯಂಥ ಮೊಗಸಾಲೆಗೆ ಎಳೆದೊಯ್ದ. “ಕೋಳಿ ಫಾರಂ ಧಣಿ ಇನ್ನೇನು ಬಂದ. ಮೊಟ್ಟೆ ಕೆಟ್ಟ ಕಾರಣ ಬರವಣಿಗೆಯಲ್ಲೇ ಬೇಕಂತೆ. ಮೊಟ್ಟೆಯಕ್ಕ ಸೆಟ್ಟಿಂಗ್ ಬದಲಾಯಿಸಿದಳು ಅಂತ ಒಂದು ಸಾಲು ಬರಿ. ಸುಳ್ಳೇನಲ್ಲವಲ್ಲ.”

“ಅವಳನ್ನ ಕೆಲಸದಿಂದ ತೆಗೀತಾನೆ.”

“ನಮ್ಮ ಕೆಲಸ ಉಳಿಯುತ್ತೆ. ಇನ್ನೂ ಆರು ಕೋಣೆ ಇದೆ, ಅಷ್ಟೂ ನಿನಗೇ. ಅಂಗಡಿ ಬೋರ್ಡಿನ ಮೇಲೆ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಬರೆಸ್ತೀನಿ. ಬೇಡ್ವಾ?”

ಗೇಟಿನ ಬಳಿ ಕಾರಿನ ಬಾಗಿಲು ಬಡಿದ ಸದ್ದು. ಒಳಗೆ ಮೊಟ್ಟೆಯಕ್ಕ ಒಂದೊಂದೇ ಟ್ರೇ ಎಳೆದು, ಬಗ್ಗಿ, ಮೊಟ್ಟೆಗಳಿಗೆ ಕಿವಿಗೊಡುತ್ತಿದ್ದಳು.

“ಬೇಡ್ವಾ ಅಂದೆ,” ಮಾವ ಪೆನ್ನು ಚಾಚಿದ. “ಹೂಂ ಅಂತೀಯೋ, ಉಹೂಂ ಅಂತೀಯೋ?”

‘ಬೇಡ್ವಾ’ ಎಂಬುದಕ್ಕೆ ‘ಹೂಂ’ ಅಂದರೂ ಬೇಡವೆಂದೇ ಅರ್ಥ. ಆದರೆ ಆ ಹೂಂ ಮಾವನ ಕಿವಿಯೊಳಗೆ ಹೇಗೆ ತಿರುಗುತ್ತದೋ.

“ಬರೆಯಲ್ಲ,” ಎಂದಳು ಅವಳು.