ಗದ್ದೆಯಲ್ಲಿ ತೂಗುತ್ತಿದ್ದ ಒಂಬತ್ತನೆಯ ಕಂತು

ಹೊನ್ನೂರಿಗೆಂದು ಟಿಕೆಟ್ ಪಡೆದು, ಹೊನ್ನೂರು ಬರುವ ಮೊದಲೇ ಯಾವುದಾದರೊಂದು ಗದ್ದೆಯ ಬದಿಯಲ್ಲಿ ಇಳಿದುಬಿಡುವ ಒಬ್ಬ ಮನುಷ್ಯನನ್ನು ಯಳಂದೂರು ಸೀಮೆಯ ಬಸ್ ಕಂಡಕ್ಟರುಗಳು ಮೂರು ವರ್ಷ ಸಹಿಸಿಕೊಂಡರು. ಕಿಟಕಿಯಾಚೆ ಭತ್ತದ ತೆನೆಗಳ ಮೇಲೆ ಏನಾದರೂ ಫಳಕ್ಕೆಂದು ಹೊಳೆದರೆ ಸಾಕು, ಅರವತ್ತಮೂರು ವರ್ಷದ ಶಿವಮಲ್ಲಪ್ಪನವರು ಸೀಟಿನಿಂದೆದ್ದು, ಬಲಗೈಯ ತೋರುಬೆರಳನ್ನು ಮೇಲೆತ್ತಿ, “ಒಂದ್ನಿಮ್ಸ ಸಾ” ಎನ್ನುತ್ತಿದ್ದರು. ಬಸ್ಸು ಗೊಣಗಿಕೊಂಡೇ ನಿಲ್ಲುತ್ತಿತ್ತು. ಅವರು ಚಪ್ಪಲಿ ಕೈಗೆ ತೆಗೆದುಕೊಂಡು ಬದುವಿನ ಮೇಲೆ ಇಳಿಯುತ್ತಿದ್ದರು.

ಹೊಳೆಯುತ್ತಿದ್ದದ್ದು ಸೀಡಿ. ತೆನೆ ಹಾಲು ತುಂಬುವ ಕಾಲಕ್ಕೆ ಗಿಳಿಗಳೂ ನವಿಲುಗಳೂ ಗದ್ದೆಗೆ ಬೀಳದಿರಲೆಂದು ನಮ್ಮ ಕಡೆಯ ರೈತರು ಹಳೆಯ ಸೀಡಿಗಳ ನಡುವಿನ ತೂತಿಗೆ ದಾರ ಪೋಣಿಸಿ, ಎರಡು ಗಳಗಳ ನಡುವೆ ಸಾಲಾಗಿ ತೂಗಹಾಕುತ್ತಾರೆ. ಗಾಳಿಗೆ ಅವು ತಿರುಗಿ ಬಿಸಿಲನ್ನು ಎರಚುತ್ತವೆ. ಶಿವಮಲ್ಲಪ್ಪನವರು ಆ ಸಾಲಿನ ಕೆಳಗೆ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಒಂದೊಂದನ್ನೂ ಹಿಡಿದು ವಾರೆ ಮಾಡಿ ನೋಡುವರು. ಬಿಸಿಲು ತಿಂದು ಮೇಲಿನ ಚಿತ್ರ ಅಳಿಸಿಹೋದರೂ, ನಡುವಿನ ತೂತಿನ ಸುತ್ತ ಅಚ್ಚಾದ, ಅದು ಯಾವ ಸೀಡಿಯೆಂದು ಹೇಳುವ ಸಣ್ಣ ಅಂಕಿಗಳು ಅಳಿಸುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಆ ಅಂಕಿಗಳನ್ನೇ ಅವರು ಓದುತ್ತಿದ್ದದ್ದು. ಮುಖ ಮೇಲೆ, ಕಾಲು ಕೆಸರಿನಲ್ಲಿ. ಹೀಗೆ ನಡೆದೂ ನಡೆದೂ ಕೊಳ್ಳೇಗಾಲದ ಡಾಂಬರು ಬೀದಿಯಲ್ಲೂ ಅವರ ಹೆಜ್ಜೆಗೆ ಬದುವಿನ ಮೇಲಿನ ಹಿಂಜರಿಕೆ ಬಂದುಬಿಟ್ಟಿತ್ತು.

ಅವರ ಮೈಮೇಲೆ ಯಾವಾಗಲೂ ಕಾಫಿಪುಡಿ ಬಣ್ಣದ ಸಫಾರಿ ಅಂಗಿ. ಅದರ ಕೆಳಗಿನ ಎರಡು ಜೇಬುಗಳನ್ನು ದರ್ಜಿಗೆ ಹೇಳಿ ಆರು ಅಂಗುಲ ಅಗಲಕ್ಕೆ ಹೊಲಿಸಿಕೊಂಡಿದ್ದರು, ಸೀಡಿಯೊಂದು ಸಲೀಸಾಗಿ ಇಳಿಯುವಷ್ಟು. ಎಡಜೇಬಿನಲ್ಲಿ ಸಿನಿಮಾ ಹಾಡುಗಳ ಸವೆದ ಸೀಡಿಗಳಿರುತ್ತಿದ್ದವು. ಗದ್ದೆಯಿಂದ ಒಂದನ್ನು ಬಿಚ್ಚಿಕೊಂಡರೆ ಅಲ್ಲಿಯೇ, ಅದೇ ಗಂಟಿನಲ್ಲಿ, ಎರಡನ್ನು ಕಟ್ಟಿ ಬರುವುದು ಅವರ ಕಟ್ಟಳೆ. ರೈತನಿದ್ದರೆ ಕೇಳಿ; ಇಲ್ಲದಿದ್ದರೆ ಇಲ್ಲದ ರೈತನಿಗೇ ಬೆರಳೆತ್ತಿ ತೋರಿಸಿ.

ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಅವರಿಗೆ ಸೀಡಿ ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಜನರ ಕೈಗೆ ದೊಡ್ಡ ಮೊಬೈಲು ಬಂದ ಮೇಲೆ ಬಾಡಿಗೆ ನಿಂತಿತು. ಅದೇ ಕೋಣೆಯಲ್ಲಿ ಈಗ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಸಿನಿಮಾಗಳನ್ನು ಕೇಳಿದವರಿಗೆಲ್ಲ ಕೊಟ್ಟರು. ಆದರೆ ದೂರದರ್ಶನದ ಕಾಲದ ಹಳೆಯ ಧಾರಾವಾಹಿಗಳ ಡಬ್ಬಿಗಳನ್ನು ಮನೆಗೆ ತಂದು, ಅವು ಪೂರ್ತಿಯಾಗುವವರೆಗೆ ನಿದ್ದೆ ಬಾರದವರಂತೆ ಹುಡುಕತೊಡಗಿದರು. ಹನೂರಿನಲ್ಲಿ ಮುಚ್ಚುತ್ತಿದ್ದ ಅಂಗಡಿಯಿಂದ ಕೆಲವು, ಮದುವೆ ಮನೆಯ ಅಟ್ಟದಿಂದ ಕೆಲವು. ಸೀಡಿ ಹಾಕುವ ಯಂತ್ರ ಕೆಟ್ಟಾಗ ಒಡೆಯರಪಾಳ್ಯದ ಟಿಬೆಟನ್ನರ ಮನೆಯೊಂದರಲ್ಲಿ ಬಳಸದೆ ಇಟ್ಟದ್ದನ್ನು ಎರಡು ಫ್ಯಾನು ರಿಪೇರಿ ಮಾಡಿಕೊಟ್ಟು ತಂದರು. ನಲವತ್ತೊಂದು ಧಾರಾವಾಹಿ. ಗೋಡೆಯ ಕಪಾಟಿನಲ್ಲಿ ವರ್ಷದ ಪ್ರಕಾರ ನಿಂತಿವೆ.

ನಮ್ಮ ಮನೆ ಅವರ ಮನೆಗೆ ಎದುರು. ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟ ಮೇಲೆ ನಾನು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕೂತು ಕಟ್ಟಿದರೆ ಧಾರಾವಾಹಿಯೂ ಆಗುತ್ತದೆ, ಕೆಲಸವೂ ಆಗುತ್ತದೆ. ಶಾಲೆ ಯಾಕೆ ಬಿಟ್ಟೆ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಆ ಮನೆಗೆ ನಾನು ಹೋಗುತ್ತಿದ್ದದ್ದು ಅದಕ್ಕೂ ಇರಬಹುದು.

ಅವರ ಹಟವೊಂದಿತ್ತು. ಯಾರೇ ಬಂದು, ಇಂಥ ಧಾರಾವಾಹಿಯ ಇಂಥ ದೃಶ್ಯ ತೋರಿಸಿ ಎಂದರೆ ಅವರು ಮೊದಲನೆಯ ಕಂತಿನಿಂದಲೇ ಹಾಕುತ್ತಿದ್ದರು. ಪ್ರತಿ ಕಂತಿನ ಆರಂಭದ ಹಾಡನ್ನೂ ಓಡಿಸಲು ಬಿಡುತ್ತಿರಲಿಲ್ಲ. ಬಂದವರು ಒಂದು ಗಂಟೆ ತಾಳಿ, ಹಾಲು ಕಾಯಿಸಬೇಕೆಂದೋ ಬಸ್ಸು ಹಿಡಿಯಬೇಕೆಂದೋ ಎದ್ದುಹೋಗುವರು. ಅವರ ಹೆಂಡತಿ ಚನ್ನಮಲ್ಲಮ್ಮ ಇದಕ್ಕಾಗಿ ಬೈದರೆ, ಅವರು ಬೆರಳೆತ್ತಿ ಹೇಳುತ್ತಿದ್ದದ್ದು ಒಂದೇ ಮಾತು:

“ಬರ್ದೋನು ಮೊದ್ಲಿಂದ ಬರ್ದವ್ನೆ. ನೋಡೋನು ನಡುವಿಂದ ನೋಡ್ತೀನಿ ಅಂದ್ರೆ ಎಂಗೆ?”

ಚಿಕ್ಕಬಸಮ್ಮ ಮೊದಲ ಸಲ ಬಂದಾಗಲೂ ಹೀಗೆಯೇ ಆಯಿತು. ಆಕೆ ಹನೂರಿನ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು, ಹುಟ್ಟಿದೂರು ಹೊನ್ನೂರು. ಆಕೆಗೆ ಹನ್ನೆರಡು ವರ್ಷವಾಗಿದ್ದಾಗ ‘ಕಾಲುದಾರಿಯ ಶಾಲೆ’ ಎಂಬ ಹದಿಮೂರು ಕಂತಿನ ಧಾರಾವಾಹಿಯ ಕೆಲವು ಭಾಗಗಳನ್ನು ಹೊನ್ನೂರಿನ ಗದ್ದೆಗಳಲ್ಲಿ ತೆಗೆದರಂತೆ. ನಾಟಿ ಮಾಡುತ್ತಿದ್ದ ಹೆಂಗಸರಲ್ಲಿ ಆಕೆಯ ತಾಯಿ ದೊಡ್ಡಮಾದಮ್ಮನನ್ನು ನಿಲ್ಲಿಸಿ, ದಾರಿ ಕೇಳುವ ಹೊಸ ಮೇಷ್ಟರಿಗೆ ಎರಡು ಮಾತು ಹೇಳಿಸಿದರಂತೆ. ಧಾರಾವಾಹಿ ಬಂದಾಗ ಅವರ ಕೇರಿಯಲ್ಲಿ ಟಿವಿ ಇರಲಿಲ್ಲ. ತಾಯಿ ತೀರಿಕೊಂಡು ಇಪ್ಪತ್ತು ವರ್ಷ ದಾಟಿದೆ. ಶಿವಮಲ್ಲಪ್ಪನವರಲ್ಲಿ ಅದರ ಸೀಡಿಗಳಿವೆಯೆಂದು ಹನೂರಿನ ಶಾಲೆಯ ಮೇಷ್ಟರೊಬ್ಬರು ಹೇಳಿದ್ದನ್ನು ಹಿಡಿದು ಆಕೆ ಬಂದಿದ್ದರು.

“ನಮ್ಮವ್ವುನ್ ಮೊಕ ಓಟಿನ್ ಕಾರ್ಡಲ್ಲೈತೆ ಕಣಣ್ಣ,” ಎಂದರು. “ದನಿ ಎಲ್ಲೂ ಇಲ್ಲ. ಈಚೀಚ್ಗೆ ನನ್ ಕಿವೀಲೂ ನಿಲ್ತಿಲ್ಲ. ಒಂದ್ಸಲ ಕೇಳುಸ್ಬುಡಿ.”

ಅದು ಒಂಬತ್ತನೆಯ ಕಂತಿನಲ್ಲಿದೆಯೆಂದು ಶಿವಮಲ್ಲಪ್ಪನವರಿಗೆ ನೆನಪಿತ್ತು. ಆದರೂ ಒಂದರಿಂದಲೇ ಹಾಕಿದರು. ಒಂದು ಸೀಡಿಯಲ್ಲಿ ಎರಡು ಕಂತು. ಆಕೆ ಸೆರಗನ್ನು ಮಂಡಿಯ ಮೇಲೆ ಹರಡಿಕೊಂಡು, ಎಂಟು ಕಂತುಗಳನ್ನು, ಎಂಟು ಸಲದ ಹಾಡನ್ನು, ಎದ್ದುಹೋಗದೆ ನೋಡಿದರು. ಆಮೇಲೆ ಶಿವಮಲ್ಲಪ್ಪನವರು ಐದನೆಯ ಡಬ್ಬಿಯನ್ನು ತೆರೆದರು. ಅದು ಖಾಲಿಯಿತ್ತು.

ಎತ್ತಿದ ಬೆರಳು ಗಾಳಿಯಲ್ಲೇ ಉಳಿದ ಒಬ್ಬ ಮನುಷ್ಯನನ್ನು ನಾನು ಅಂದು ನೋಡಿದೆ.

ಆದದ್ದು ಇಷ್ಟು. ಧೂಳು ಹಿಡಿದ ಸೀಡಿಗಳನ್ನು ಅವರು ಸಾಬೂನಿನ ನೀರಿನಲ್ಲಿ ಅದ್ದಿ, ಮಗ್ಗದವರು ಬಿಸಾಡುವ ರೇಷ್ಮೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಹಿತ್ತಲ ನೆರಳಿನಲ್ಲಿ ದಾರಕ್ಕೆ ಪೋಣಿಸಿ ಒಣಗಹಾಕುತ್ತಿದ್ದರು. ಹಿಂದಿನ ದಿನವಷ್ಟೇ ಅವರಿಲ್ಲದಾಗ ಯಳಂದೂರು ಕಡೆಯ ರೈತನೊಬ್ಬ ಗಿಳಿ ಬೆದರಿಸಲು ಹಾಳಾದ ಸೀಡಿ ಕೇಳಿಕೊಂಡು ಬಂದಿದ್ದ. ಹಾಗೆ ಬಂದವರಿಗೆ ಕೊಟ್ಟು ಕಳಿಸುವುದು ಆ ಮನೆಯ ರೂಢಿಯೇ. ಚನ್ನಮಲ್ಲಮ್ಮ ಹಿತ್ತಲಲ್ಲಿದ್ದ ಸರವನ್ನು ಬಿಚ್ಚಿ ಕೊಟ್ಟಿದ್ದರು. ಆ ಸರದಲ್ಲಿದ್ದ ಐದು ಸೀಡಿಗಳಲ್ಲಿ ನಾಲ್ಕಕ್ಕೆ ಬೇರೆ ಪ್ರತಿ ಸಿಗುವಂತಿತ್ತು. ಒಂಬತ್ತನೆಯ ಕಂತಿನ ಸೀಡಿಗೆ ಇರಲಿಲ್ಲ.

“ಅವ ಸೀಡಿ ಕೇಳ್ದ, ಕಟ್ಟಕ್ಕೆ ದಾರ ಕೇಳ್ದ,” ಎಂದರು ಚನ್ನಮಲ್ಲಮ್ಮ. “ದಾರದಲ್ಲೇ ಪೋಣ್ಸಿದ್ವು, ಕೊಟ್ಬುಟ್ಟಿ. ಕಟ್ಕಂಡ್ ಎಂಡ್ರಿಗ್ ಏಳ್ದೆ ಒಣಾಕಿದ್ರೆ ನಂಗೇನ್ ಕನ್ಸ್ ಬಿದ್ದದಾ?”

ಶಿವಮಲ್ಲಪ್ಪನವರು ಖಾಲಿ ಡಬ್ಬಿಯನ್ನು ಮುಚ್ಚಿ ಕಪಾಟಿಗೆ ಸೇರಿಸಿದರು. ಚಿಕ್ಕಬಸಮ್ಮನನ್ನು ಬಸ್ಸಿನವರೆಗೂ ಬಿಟ್ಟುಬಂದರು. ಹುಡುಕಿ ಕೇಳಿಸುತ್ತೇನೆಂದು ಅಲ್ಲಿ ಮಾತು ಕೊಟ್ಟರಂತೆ. ಆಕೆ, ಆಗಲಿ ಬುಡಣ್ಣ, ನಮ್ಮವ್ವ ಗದ್ದೆಗೇ ಓದ್ಲು ಅನ್ಕೊತೀನಿ ಎಂದು ನಕ್ಕರಂತೆ. ಬೈದಿದ್ದರೆ ಚೆನ್ನಾಗಿತ್ತು, ಆ ನಗುವನ್ನೇ ತಡೆದುಕೊಳ್ಳಲಾಗಲಿಲ್ಲ ಎಂದು ಅವರು ಎಷ್ಟೋ ದಿನಗಳ ನಂತರ ನನ್ನಲ್ಲಿ ಹೇಳಿದರು.

ಹೀಗೆ ಶುರುವಾದದ್ದು ಆ ಅಲೆದಾಟ. ರೈತನ ಹೆಸರಿಲ್ಲ, ಊರಿಲ್ಲ. ಯಳಂದೂರು ಕಡೆಯೆಂಬುದೊಂದೇ ಗುರುತು. ವಾರಕ್ಕೊಂದು ದಿನ ಅಂಗಡಿ ಮುಚ್ಚಿ, ತೆನೆ ನಿಂತ ತಿಂಗಳುಗಳಲ್ಲಿ ಗದ್ದೆಗಳನ್ನೂ, ಉಳಿದ ತಿಂಗಳುಗಳಲ್ಲಿ ಹಟ್ಟಿಗಳನ್ನೂ ನೋಡುತ್ತಾ ಹೋದರು. ರೈತರು ಅವರನ್ನು ಚುಡಾಯಿಸುತ್ತಿದ್ದರು. ಮಕ್ಕಳು ಅವರಿಗೆ ಸೀಡಿತಾತ ಎಂದು ಹೆಸರಿಟ್ಟಿದ್ದವು. ಈ ನಡುವೆ ಬೇರೆ ಮೂರು ಧಾರಾವಾಹಿಗಳ ಕಳೆದುಹೋದ ಕಂತುಗಳು ಗದ್ದೆಗಳಲ್ಲಿ ಸಿಕ್ಕವು. ಮುಂಚೆಯಾಗಿದ್ದರೆ ಹಬ್ಬ ಮಾಡುತ್ತಿದ್ದರು. ಈಗ ಸುಮ್ಮನೆ ಒರೆಸಿ ಕಪಾಟಿನಲ್ಲಿಟ್ಟರು.

ಮೂರನೆಯ ಸುಗ್ಗಿ ಮುಗಿದ ಮೇಲೆ, ಹೊನ್ನೂರಿನ ನಮ್ಮ ಚಿಕ್ಕಮ್ಮನ ಮನೆಗೆ ಹೊರಟಿದ್ದ ನಾನು ಅವರಿದ್ದ ಬಸ್ಸಿನಲ್ಲೇ ಇದ್ದೆ. ಗದ್ದೆಗಳೆಲ್ಲ ಕೂಳೆಯಾಗಿದ್ದವು, ಅಂದು ಅವರು ಊರಿನವರೆಗೂ ಇಳಿಯಲಿಲ್ಲ. ಚಿಕ್ಕಮ್ಮನ ಪಕ್ಕದ ಗದ್ದೆಯವನಾದ ಮಾದು ಎಂಬಾತ ಸೀಡಿಗಳನ್ನು ಸುಗ್ಗಿ ಮುಗಿದೊಡನೆ ಬಿಚ್ಚಿ ಮೋಟಾರು ಮನೆಯೊಳಗೆ ಇಡುತ್ತಾನೆಂದು ನನಗೆ ಗೊತ್ತಿತ್ತು. ಹೇಳಲೋ ಬೇಡವೋ, ಸುಮ್ಮನೆ ಆಸೆ ಹುಟ್ಟಿಸಿದಂತಾದೀತೇ ಎಂದು ಯೋಚಿಸಿ, ಇಳಿಯುವಾಗ ಹೇಳಿದೆ.

ಮೋಟಾರು ಮನೆಯ ಗೂಟದಲ್ಲಿ ಸರ ತೂಗುತ್ತಿತ್ತು. ಶಿವಮಲ್ಲಪ್ಪನವರು ಸೀಡಿಗಳನ್ನು ನೋಡುವ ಮೊದಲು ದಾರವನ್ನು ಮುಟ್ಟಿ ನೋಡಿದರು. ಅದು ಅವರೇ ಪೋಣಿಸಿದ್ದ ಕೊಳ್ಳೇಗಾಲದ ಮಗ್ಗದ ದಾರ. ಸರದಲ್ಲಿ ಎರಡನೆಯದಾಗಿದ್ದ ಸೀಡಿಯನ್ನು ಬಾಗಿಲ ಬೆಳಕಿಗೆ ವಾರೆ ಮಾಡಿ, ಅಂಕಿ ಓದಿ, ಅಲ್ಲಿಯೇ ಹೊಸಿಲ ಮೇಲೆ ಕುಳಿತುಬಿಟ್ಟರು. ಮಾದು ಗಾಬರಿಯಾಗಿ ನೀರು ತರಲು ಓಡಿದ. ಬದಲಿಗೆ ಎರಡು ಸೀಡಿ ಕೊಡಹೋದಾಗ ಅವನು ತಲೆ ಕೆರೆದುಕೊಂಡ.

“ಆಡಿಂದು ಬ್ಯಾಡ ಸಾ. ಗಿಣಿಗೋಳು ಕೇಳ್ಕಂಡು ಕೂತ್ಕಬುಡ್ತವೆ. ಫೈಟಿಂಗ್ ಇರೋ ಪಿಚ್ಚರ್ ಇದ್ರೆ ಕೊಡಿ.”

ಮುಂದಿನ ಭಾನುವಾರ ಚಿಕ್ಕಬಸಮ್ಮ ಬಂದರು. ಶಿವಮಲ್ಲಪ್ಪನವರ ಕೈ ಅಭ್ಯಾಸಬಲದಿಂದ ಮೊದಲನೆಯ ಡಬ್ಬಿಗೆ ಹೋಯಿತು. ಚನ್ನಮಲ್ಲಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, ಆ ಹೆಂಗಸು ಮೂರು ವರ್ಷದ ಹಿಂದೆಯೇ ಎಂಟು ಕಂತು ನೋಡಿದ್ದಾಳೆ, ಬಡ್ಡಿಗೆ ಇನ್ನೊಂದು ಸಲ ನೋಡಬೇಕೇ ಎಂದರು. ಅವರು ಐದನೆಯದನ್ನು ಹಾಕಿದರು.

ಹಾಡು ಮುಗಿಯುವವರೆಗೆ ಪರದೆ ಚೌಕ ಚೌಕವಾಗಿ ಒಡೆಯಿತು. ಆಮೇಲೆ ತಿಳಿಯಾಯಿತು. ಹೊಸ ಮೇಷ್ಟರು ಬದುವಿನ ಮೇಲೆ ಬರುತ್ತಾರೆ, ಹೆಂಗಸರು ಬಗ್ಗಿದ್ದಾರೆ. ಒಬ್ಬಳು ಪೈರಿನ ಕಟ್ಟನ್ನು ಸೊಂಟಕ್ಕೆ ಒತ್ತಿಕೊಂಡು ನೆಟ್ಟಗಾಗಿ ತಿರುಗುತ್ತಾಳೆ. ಚಿಕ್ಕಬಸಮ್ಮನ ಗಲ್ಲ, ಚಿಕ್ಕಬಸಮ್ಮನ ಹುಬ್ಬು. ತುಟಿ ಅಲುಗಿತು. “ಶಾಲೆಗಾ ಸ್ವಾಮಿ? ಆ ಹುಣಸೆಮರದ ಆಚೆ ಹೋಗಿ. ಮಕ್ಕಳ ಸದ್ದು ಕೇಳಿಸುತ್ತದೆ,” ಎಂದು ಯಾರೋ ಓದಿದವರ, ನುಣುಪಾದ, ಎಳೆಯ ದನಿ ಹೇಳಿತು.

ಧಾರಾವಾಹಿಯವರು ಆ ಮಾತಿಗೆ ಬೇರೆಯವರಿಂದ ದನಿ ಕೊಡಿಸಿದ್ದರು. ನಲವತ್ತೊಂದು ಧಾರಾವಾಹಿಗಳನ್ನು ಬಾಯಿಪಾಠ ಮಾಡಿದಂತಿದ್ದ ಶಿವಮಲ್ಲಪ್ಪನವರಿಗೆ ಇದು ಹೊಳೆದಿರಲಿಲ್ಲ. ಅವರು ದೊಡ್ಡಮಾದಮ್ಮನನ್ನು ಕಂಡವರಲ್ಲ.

“ಮೊಕ ನಮ್ಮವ್ವುಂದೆ,” ಎಂದರು ಚಿಕ್ಕಬಸಮ್ಮ. “ದನಿ ನಮ್ಮವ್ವುಂದಲ್ಲ ಕಣಣ್ಣ.”

ಶಿವಮಲ್ಲಪ್ಪನವರು ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿದ್ದರು. ಆಮೇಲೆ, ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ, ಕಂತನ್ನು ಹಿಂದಕ್ಕೆ ಓಡಿಸಿದರು. ಸದ್ದನ್ನು ಪೂರ್ತಿ ಇಳಿಸಿ, ಮತ್ತೆ ಮತ್ತೆ ಬಿಟ್ಟರು. ಮೇಷ್ಟರು ಸದ್ದಿಲ್ಲದೆ ಬಂದರು. ದೊಡ್ಡಮಾದಮ್ಮ ಸದ್ದಿಲ್ಲದೆ ತಿರುಗಿದರು.

“ಅವತ್ತು ನಾನಲ್ಲೇ ಬದದ್ ಮ್ಯಾಲ್ ನಿಂತಿದ್ದಿ,” ಎಂದರು ಚಿಕ್ಕಬಸಮ್ಮ. “ಆ ಮಾತ್ನ ಏಳ್ ಸಲ ಏಳ್ಸುದ್ರು. ಮನೇಲಿ ವರ್ಸ ಪೂರ್ತಿ ಅದ್ನೇ ಏಳ್ಕಂಡ್ ನಗ್ತಿದ್ಲು.”

ಮೂರನೆಯ ಸಲ ಆ ಮುಖ ತಿರುಗಿದಾಗ ಆಕೆ ಬಾಯಿ ತೆರೆದರು. ಮಾತು ತುಟಿಗಿಂತ ಹಿಂದೆ ಬಿತ್ತು. ನಾಲ್ಕನೆಯ ಸಲ ಕೂಡಿತು.

“ಇಸ್ಕೂಲ್ಗಾ ಸಾಮಿ? ಆ ಉಣ್ಸೆಮರದಿಂದಾಚ್ಗೆ ಓಗಿ. ಮಕ್ಳ್ ಸದ್ದು ಕೇಳ್ತದೆ, ಅದ್ನೇ ಇಡ್ಕಂಡ್ ಓಗಿ.”

ಅದು ಚಿಕ್ಕಬಸಮ್ಮ ನಮ್ಮೊಡನೆ ಮಾತಾಡುತ್ತಿದ್ದ ದನಿಯಾಗಿರಲಿಲ್ಲ. ಇನ್ನೂ ದಪ್ಪ, ದೂರದವರಿಗೆ ಕೂಗಿ ರೂಢಿಯಾದ, ಕೊನೆಯಲ್ಲಿ ನಗುವಿಗೆ ಜಾರುವ ದನಿ. ಆಡಿದ ಮೇಲೆ ಆಕೆ ಕೈಯಿಂದ ಗಂಟಲು ಮುಟ್ಟಿ ನೋಡಿಕೊಂಡರು. ಶಿವಮಲ್ಲಪ್ಪನವರು ಅವಸರವಾಗಿ ಮೊಬೈಲು ತೆಗೆದು, ಇನ್ನೊಂದು ಸಲ ಹೇಳಿದರೆ ಹಿಡಿದಿಡುತ್ತೇನೆ ಎಂದರು.

“ಯಾಕಣ್ಣ,” ಎಂದರು ಚಿಕ್ಕಬಸಮ್ಮ, “ಇನ್ನ ಆ ದನಿ ನಂಗೇ ಬತ್ತದಲ್ವಾ.”

ಆಕೆ ಊಟ ಮಾಡಿಕೊಂಡು ಸಂಜೆಯ ಬಸ್ಸಿಗೆ ಹೋದರು. ಪ್ರತಿ ಡಬ್ಬಿಯೊಳಗೂ ಕಂತುಗಳ ವಿವರ ಬರೆದ ಚೀಟಿಯೊಂದನ್ನು ಇಡುವುದು ಶಿವಮಲ್ಲಪ್ಪನವರ ಪದ್ಧತಿ. ಐದನೆಯ ಡಬ್ಬಿಯ ಚೀಟಿಯನ್ನು ಹೊರತೆಗೆದು, ಕೊನೆಯಲ್ಲಿ ಎರಡು ಸಾಲು ಸೇರಿಸಿದರು: ‘ಒಂಬತ್ತನೆಯ ಕಂತಿನಲ್ಲಿ ದಾರಿ ಹೇಳುವವರು ಹೊನ್ನೂರಿನ ದೊಡ್ಡಮಾದಮ್ಮ. ದನಿ ಅವರದಲ್ಲ.’ ಶಾಯಿ ಆರಲೆಂದು ಊದಿ, ಮಡಿಚಿ ಒಳಗಿಟ್ಟರು.

ಇಂಥ ಮನುಷ್ಯರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಯಾರಿಗೂ ಬೇಡವಾದದ್ದನ್ನು ಒರೆಸಿ ಜೋಡಿಸುವವರು, ಒಂದು ಡಬ್ಬಿ ಖಾಲಿಯಿದ್ದರೆ ಊಟ ಸೇರದವರು. ವಸ್ತುಗಳ ಮೇಲಿನ ಆಸೆ ಅವರನ್ನು ಹೀಗೆ ಅಲೆಸುತ್ತದೆಯೆಂದು ನಾನು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ನಮ್ಮಂಥವರಿಗೆ ಏನೋ ಕಳೆದಿದೆ ಎಂದಷ್ಟೇ ಗೊತ್ತಿರುತ್ತದೆ, ಸ್ವಲ್ಪ ದಿನ ಬೇಸರಪಟ್ಟು ಬಿಟ್ಟುಬಿಡುತ್ತೇವೆ. ಅವರಿಗೆ ಕಳೆದದ್ದು ಯಾವುದು, ಅದು ಯಾವುದರ ಮುಂದೆ ಯಾವುದರ ಹಿಂದೆ ಇರಬೇಕಾದದ್ದು ಎಂಬುದು ತಿಳಿದಿರುತ್ತದೆ. ತಿಳಿದ ಮೇಲೆ ಸುಮ್ಮನಿರಲು ಅವರಿಂದಾಗುವುದಿಲ್ಲ. ಹುಡುಕಿ ತಂದದ್ದು ಬಂದವರಿಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ಆಗಲೂ ಅವರು ಅದನ್ನು ಎಸೆಯುವುದಿಲ್ಲ, ಇದೇ ಅದು ಎಂದು ಸುಳ್ಳಾಡುವುದೂ ಇಲ್ಲ; ಇರುವುದೇನು, ಇಲ್ಲದ್ದೇನು ಎಂದು ಬರೆದು, ಅದರ ಜಾಗದಲ್ಲಿ ನಿಲ್ಲಿಸುತ್ತಾರೆ.