ಗಾದ್ರಪ್ಪನಿಗೆ ಅಡ್ಡ ನಿಂತವರು

ಗಾದ್ರಪ್ಪನನ್ನು ಹಿಡಿಯುವುದು ಒಂದೇ, ಓಡುವ ಹೋರಿಯನ್ನು ಬಾಲ ಹಿಡಿದು ನಿಲ್ಲಿಸುವುದು ಒಂದೇ ಎಂದು ಮೊಳಕಾಲ್ಮೂರಿನ ನೇಕಾರರು ಹೇಳುತ್ತಿದ್ದರು. ಸುಮ್ಮನೆ ಆಡಿದ ಮಾತಲ್ಲ. ನನ್ನಿವಾಳ ಊರಿನ ಈ ಗಾದ್ರಪ್ಪ ವರವು ಕಾವಲು ಎಂಬ ಹುಲ್ಲುಗಾವಲಿನಲ್ಲಿ ಸರ್ಕಾರದ ದನ ಕಾಯುವವನು. ಅವುಗಳ ಹಿಂದೆ ಓಡಿ ಓಡಿ ಅವನ ಉಸಿರಿಗೆ ಕೊನೆಯೇ ಇರಲಿಲ್ಲ. ಚೆಡುಗುಡು ಆಟದಲ್ಲಿ ಉಸಿರೇ ತಾನೇ ಬಂಡವಾಳ? ಒಂದೇ ಉಸಿರಿನಲ್ಲಿ ‘ಚೆಡುಗುಡು ಚೆಡುಗುಡು’ ಎನ್ನುತ್ತ ಎದುರಿನವರ ಕಡೆಗೆ ನುಗ್ಗಬೇಕು, ಸಿಕ್ಕವನನ್ನು ಕೈಯಿಂದ ಮುಟ್ಟಿ ನಡುಗೆರೆಗೆ ಮರಳಬೇಕು. ಮುಟ್ಟಿಸಿಕೊಂಡವನು ಆಟದಿಂದ ಹೊರಗೆ. ನುಗ್ಗಿದವನನ್ನು ಉಸಿರು ಕಡಿಯುವ ತನಕ ಹಿಡಿದಿಟ್ಟರೆ ಅವನೇ ಹೊರಗೆ. ಗಾದ್ರಪ್ಪನನ್ನು ಹಾಗೆ ಹಿಡಿದಿಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಎರಡೂ ಊರಿನವರು ವರ್ಷಕ್ಕೊಮ್ಮೆ ಆಡುವ ಈ ಆಟದಲ್ಲಿ ಹಿಂದಿನ ವರ್ಷ ನೇಕಾರ ಚಿತ್ತಯ್ಯನೂ ಅವನ ಹೆಂಡತಿಯ ತಮ್ಮ ನಾಗರಾಜಪ್ಪನೂ ಕೈಗೆ ಕೈ ಕೊಟ್ಟು ಅಡ್ಡ ನಿಂತಿದ್ದರು. ಗಾದ್ರಪ್ಪ ಇಬ್ಬರ ನಡುವೆ ನುಗ್ಗಿದ. ನಾಗರಾಜಪ್ಪನ ಕೈ ಬಿಟ್ಟುಹೋಯಿತು. ಚಿತ್ತಯ್ಯ ಒಬ್ಬನೇ ಗೆರೆಯ ತನಕ ಎಳೆಸಿಕೊಂಡು ಹೋಗಿ ಮೊಣಕಾಲು ತರಚಿಸಿಕೊಂಡ.

“ನಾನ್ ಬಿಡ್ಲಿಲ್ಲ ಬಾವ, ಜಾರ್ತು” ಅಂದಿದ್ದ ನಾಗರಾಜಪ್ಪ.

“ಜಾರಾಕೆ ಅದೇನು ಮೀನೇನಲೇ?” ಎಂದು ಚಿತ್ತಯ್ಯ ಎಲ್ಲರ ಮುಂದೆ ಕೇಳಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಆ ಹುಡುಗನಿಗೆ ‘ಕೈಬಿಟ್ಟ ನಾಗ’ ಎಂದೇ ಹೆಸರಾಯಿತು.

ಇಬ್ಬರೂ ಒಂದೇ ಮಗ್ಗದವರು. ಸೀರೆಯ ಒಡಲನ್ನು ಚಿತ್ತಯ್ಯ ನೇಯ್ದರೆ, ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುವವನು ನಾಗರಾಜಪ್ಪ. ಮೊದಲೆಲ್ಲ ಆ ಮಗ್ಗದಲ್ಲಿ ಲಾಳಿಗಿಂತ ಹರಟೆಯ ಸದ್ದೇ ಹೆಚ್ಚು. ಈಗ ಲಾಳಿಯದು ಮಾತ್ರ. ಈ ವರ್ಷ ಆಟಕ್ಕೆ ಇನ್ನೊಂದು ದಿನವಿದೆ ಎನ್ನುವಾಗ ನಾಗರಾಜಪ್ಪ ಅಕ್ಕ ತಿಪ್ಪಮ್ಮನ ಹತ್ತಿರ, “ರಾಯದುರ್ಗದಾಗೆ ದೊಡ್ಡಪ್ಪನ ಮಗ್ಗಕ್ಕೆ ಆಳು ಬೇಕಂತೆ ಅಕ್ಕ. ಈ ಸೀರೆ ಮಗ್ಗದಿಂದ ಇಳಿಸಿ ಹೋಗ್ತೀನಿ” ಅಂದ. ತಿಪ್ಪಮ್ಮ ಗಂಡನ ಮುಖ ನೋಡಿದಳು. ಚಿತ್ತಯ್ಯ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟ. ಲಾಳಿ ಹಿಡಿಯುವುದನ್ನು ತಾನೇ ಕಲಿಸಿದ ಹುಡುಗ. ಹೋಗಬೇಡ ಅನ್ನಲು ಬಾಯಿ ಇತ್ತು, ಆದರೆ ಯಾವ ಮುಖ ಇಟ್ಟುಕೊಂಡು ಅನ್ನುವುದು?

ಆಟ ಊರ ಹತ್ತಿರದ ಬ್ರಹ್ಮಗಿರಿ ಬೆಟ್ಟದ ಬುಡದಲ್ಲಿ, ನವಣೆ ಕೊಯ್ದ ಹೊಲದಲ್ಲಿ. ಹೊರಡುವಾಗ ತಿಪ್ಪಮ್ಮ ಬಾಗಿಲಲ್ಲಿ ನಿಂತು, “ಮಣ್ಣು ಗಿಣ್ಣು ಕೈಗೆ ತಿಕ್ಕೋಬ್ಯಾಡ್ರಿ, ಮಗ್ಗದ ಮ್ಯಾಲೆ ಮದುವೆ ಸೀರೆ ಐತೆ” ಅಂದಳು. ರೇಷ್ಮೆ ನೇಯುವವರ ಮನೆಯಲ್ಲಿ ಎಲ್ಲ ಹೆಂಗಸರೂ ಹೇಳುವ ಮಾತೇ ಅದು. ಅಂಗೈ ಒರಟಾದರೆ ಎಳೆ ಸಿಕ್ಕಿಕೊಂಡು ಏಳುತ್ತದೆ. ಅದಕ್ಕೇ ದಿನಾ ಹರಳೆಣ್ಣೆ ಸವರಿ ಸವರಿ ಇವರ ಕೈ ಬಾಣಂತಿಯ ಕೂಸಿನ ಕೆನ್ನೆಯ ಹಾಗಿರುತ್ತಿತ್ತು.

ಹೊಲದಲ್ಲಿ ನನ್ನಿವಾಳದವರು ಬಗ್ಗಿ ಅಂಗೈಗೆ ಮಣ್ಣು ತಿಕ್ಕಿಕೊಂಡರು. ನೇಕಾರರು ಪಂಚೆಗೆ ಕೈ ಒರೆಸಿಕೊಂಡರು. ಅವರಲ್ಲಿ ಹಿರಿಯನಾದ ಪೆದ್ದಣ್ಣ ತನ್ನವರನ್ನು ಗುಂಪುಗೂಡಿಸಿ, ಯಾರು ಎಲ್ಲಿ ನಿಲ್ಲಬೇಕು ಎಂದು ತೆಲುಗಿನಲ್ಲಿ ಗುಟ್ಟಾಗಿ ಹೇಳತೊಡಗಿದ.

“ಪೆದ್ದಣ್ಣಾರೇ, ನಮ್ಮನೇಲೂ ತೆಲುಗೇ ಮಾತಾಡೋದು” ಅಂದ ಗಾದ್ರಪ್ಪ ಆ ಕಡೆಯಿಂದ. “ವಸಿ ಮೆಲ್ಲಗೆ ಹೇಳ್ಕೊಳ್ರಿ.”

ಎರಡೂ ಕಡೆಯವರು ನಕ್ಕರು. ನಾಗರಾಜಪ್ಪ ನಗಲಿಲ್ಲ. “ನಾನು ಮೂಲೇಲಿ ನಿಲ್ತೀನಿ. ನನ್ನ ಕೈ ಯಾರಿಗೂ ಬ್ಯಾಡ” ಎಂದು ದೂರ ಸರಿದ. ಚಿತ್ತಯ್ಯ ಪೆದ್ದಣ್ಣನ ಕೈ ಹಿಡಿದ.

ಗಾದ್ರಪ್ಪ ಬಂದ. ಒಂದು ಸಲ ಬಂದು ಒಬ್ಬನನ್ನು ಮುಟ್ಟಿ ಹೋದ, ಇನ್ನೊಂದು ಸಲ ಇಬ್ಬರನ್ನು. ಮತ್ತೆ ಬಂದಾಗ ನೇರವಾಗಿ ಚಿತ್ತಯ್ಯ, ಪೆದ್ದಣ್ಣರ ನಡುವಿಗೇ ಎದೆ ಕೊಟ್ಟ. ಚಿತ್ತಯ್ಯ ಹಲ್ಲು ಕಚ್ಚಿ ಬಿಗಿಹಿಡಿದ. ಹಿಡಿದ ಹಾಗೇ ಪೆದ್ದಣ್ಣನ ಕೈ ಅವನ ಬೆರಳುಗಳ ನಡುವಿನಿಂದ ಬೆಣ್ಣೆಯ ಹಾಗೆ ನುಸುಳಿಹೋಯಿತು. ಗಾದ್ರಪ್ಪನ ಕೈ ಪೆದ್ದಣ್ಣನಿಗೆ ತಾಗಿತು. ಅವನೂ ಹೊರಗೆ.

ಚಿತ್ತಯ್ಯ ತನ್ನ ಖಾಲಿ ಅಂಗೈ ನೋಡಿಕೊಂಡ. ತಾನು ಬಿಟ್ಟಿರಲಿಲ್ಲ. ಮೂಲೆಯಲ್ಲಿ ನಾಗರಾಜಪ್ಪ ಅವನನ್ನೇ ನೋಡುತ್ತಿದ್ದ. ಈ ಕಡೆ ಈಗ ಉಳಿದವರು ಅವರಿಬ್ಬರೇ.

“ಒಂದು ಗಳಿಗೆ ತಡಿ ಗಾದ್ರಪ್ಪ” ಅಂದು ಚಿತ್ತಯ್ಯ ಜನರ ಕಡೆ ತಿರುಗಿದ. “ಎಲ್ರೂ ಕೇಳ್ರಿ. ಹೋದ ವರ್ಷ ನಮ್ಮ ನಾಗ ಕೈ ಬಿಟ್ಟಿರಲಿಲ್ಲ. ಜಾರಿತ್ತು. ಬಾಯಿಗೆ ಬಂದಂಗೆ ಆಡಿದೋನು ನಾನು.”

ಆಮೇಲೆ ಕೂತು, ಕೆಂಪು ಮಣ್ಣನ್ನು ಬೊಗಸೆಯಲ್ಲಿ ತೆಗೆದು, ಎರಡೂ ಅಂಗೈಗೆ ಗಸಗಸ ಉಜ್ಜತೊಡಗಿದ. ಹೊರಗೆ ನಿಂತ ನೇಕಾರರು ಬಾಯ ಮೇಲೆ ಕೈ ಇಟ್ಟುಕೊಂಡರು.

“ಬಾವ, ಮಗ್ಗ?” ಅಂದ ನಾಗರಾಜಪ್ಪ.

“ಮಗ್ಗ ಕಾಯ್ತೈತೆ.”

“ಅಕ್ಕ ಕಾಯಲ್ಲ.”

“ಬೈಗುಳ ಇಬ್ರೂ ಹಂಚ್ಕೊಂಡ್ರಾಯ್ತು. ಕೈ ಕೊಡಲೇ.”

ನಾಗರಾಜಪ್ಪ ಮೂಲೆಯಿಂದ ಬಂದ. ತಾನೂ ಬಗ್ಗಿ ಬೊಗಸೆ ಮಣ್ಣು ತೆಗೆದ.

ಈ ಸಲ ಗಾದ್ರಪ್ಪ ನುಗ್ಗಿದಾಗ ಅವನ ಎದೆಗೆ ಎರಡು ತೋಳುಗಳ ಅಡ್ಡಗಟ್ಟೆ ಸಿಕ್ಕಿತು. ಅವನು ಎಡಕ್ಕೆ ಹೊರಳಿದ. ಇಬ್ಬರೂ ಎಡಕ್ಕೆ ಹೊರಳಿದರು. ಬಲಕ್ಕೆ ತಿರುಗಿದ, ತಿರುಗಿದರು. ಹಿಂದೆ ಸರಿಯಬೇಕೆನ್ನುವಷ್ಟರಲ್ಲಿ ಇಬ್ಬರೂ ಅವನನ್ನು ಸುತ್ತುಗಟ್ಟಿದ್ದರು. ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ. ಮಗ್ಗದಲ್ಲಿ ಲಾಳಿ ಯಾವಾಗ ಎಸೆಯಬೇಕೆಂದು ಯಾರು ಹೇಳಿಕೊಳ್ಳುತ್ತಾರೆ? ಗಾದ್ರಪ್ಪ ಇಬ್ಬರನ್ನೂ ಗೆರೆಯ ಹತ್ತಿರದವರೆಗೆ ಎಳೆದುಕೊಂಡೇ ಹೋದ. ಅಲ್ಲಿ ಮೂವರೂ ಒಟ್ಟಿಗೆ ಬಿದ್ದರು. ಗೆರೆ ಇನ್ನೊಂದು ಮೊಳ ದೂರ ಇರುವಾಗ ಅವನ ‘ಚೆಡುಗುಡು’ ಸಣ್ಣದಾಗಿ, ಸಣ್ಣದಾಗಿ, ನಿಂತುಹೋಯಿತು.

“ಇನ್ನಾದ್ರೂ ಬಿಡ್ರಲೇ” ಅಂದ ಗಾದ್ರಪ್ಪ, ಮಲಗಿದಲ್ಲಿಂದಲೇ ನಗುತ್ತ. “ಕೈಯೋ ಹಗ್ಗವೋ?”

ಆಟವನ್ನು ಗೆದ್ದವರು ನನ್ನಿವಾಳದವರೇ ಅನ್ನಿ. ಇಬ್ಬರೇ ಎಷ್ಟು ಹೊತ್ತು ತಡೆದಾರು?

ಮನೆಯಲ್ಲಿ ತಿಪ್ಪಮ್ಮ ನಾಲ್ಕೂ ಅಂಗೈಗಳನ್ನು ತಿರುವಿ ನೋಡಿದಳು. ಅವಳು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗ ನಾಗರಾಜಪ್ಪ ಚಿತ್ತಯ್ಯನ ಕಡೆ ವಾಲಿ ಕೇಳಿದ: “ಬಾವ, ಈ ಮದುವೆ ಸೀರೆ ಆದ್ಮೇಲೆ ಮುಂದಿನ ಸೀರೆಗೆ ಅಂಚು ಯಾವ ಬಣ್ಣ?”

ಚಿತ್ತಯ್ಯ ಮುದ್ದೆಯ ತಟ್ಟೆಯನ್ನು ಅವನ ಕಡೆ ಸರಿಸಿದ. “ಅಂಚು ನಿಂದು. ನೀನೇ ಹೇಳು” ಅಂದ.

“ಯೋಚನೆ ಮಾಡಿ ಹೇಳ್ತೀನಿ” ಅಂದ ನಾಗರಾಜಪ್ಪ, ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತ.